ಮಗಳನ್ನು ಶಾಲೆ ಬಿಡಿಸುತ್ತೇನೆ ಎಂದ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ನೀನು ಮೊನ್ನೆ ರಾತ್ರಿ ಕಳಿಸಿದ ಮೆಸೇಜು ನನಗೆ ಸಿಕ್ಕಿದ್ದು ನಿನ್ನೆ ಬೆಳಿಗ್ಗೆ, ತೋಟದ ಮೇಲಿನ ಗುಡ್ಡ ಹತ್ತಿದಾಗ. ಮಳೆ ಹಿಡಿದರೆ ಸಾಗರದ ಈ ಮೂಲೆಯಲ್ಲಿ ನೆಟ್‌ವರ್ಕು ಮನೆಯೊಳಗೆ ಬರುವುದಿಲ್ಲ, ನಾವೇ ಅದರ ಹತ್ತಿರ ಹೋಗಬೇಕು. ‘ಮಗಳನ್ನು ಮುಂದಿನ ವರ್ಷ ಶಾಲೆ ಬಿಡಿಸಿ ಮನೆಯಲ್ಲೇ ಕಲಿಸೋಣ ಅಂತಿದ್ದೇವೆ, ನೀವು ಏನೇನು ಆ್ಯಪ್ ಬಳಸ್ತೀರಿ, ಲಿಸ್ಟ್ ಕಳಿಸು’ ಅಂತ ಬರೆದಿದ್ದೀಯ. ಲಿಸ್ಟಿಗೇನು ಮಾರಾಯ, ಎರಡು ನಿಮಿಷದ ಕೆಲಸ. ಆದರೆ ಬರೀ ಲಿಸ್ಟು ಹಿಡಿದುಕೊಂಡು ಹೊರಟು ಮೊದಲ ವರ್ಷ ನಾವು ಪಟ್ಟ ಪಾಡು ನಿನಗೆ ಬೇಡ.

ಆಗ ನಮ್ಮನೆ ಜಗಲಿಯಲ್ಲಿ ಟೈಮ್‌ಟೇಬಲ್ ಅಂಟಿಸಿದ್ದೆ. ಒಂಬತ್ತಕ್ಕೆ ಗಣಿತದ ವೀಡಿಯೊ, ಹತ್ತಕ್ಕೆ ವಿಜ್ಞಾನದ್ದು, ಊಟವಾದ ಮೇಲೆ ಇಂಗ್ಲಿಷು. ಮಕ್ಕಳು ಚಕಾರ ಎತ್ತದೆ ನೋಡುತ್ತಿದ್ದರು, ನಾನು ತೋಟಕ್ಕೆ ಹೋಗಿಬಿಡುತ್ತಿದ್ದೆ. ಖಾನ್ ಅಕಾಡೆಮಿ ಅನ್ನುವ ಪುಕ್ಕಟೆ ಪಾಠಗಳ ವೆಬ್‌ಸೈಟಿನಲ್ಲಿ ಕನ್ನಡದ ಪಾಠಗಳೂ ಇವೆ, ಇಂಗ್ಲಿಷಿನವೂ ಇವೆ, ಎರಡನ್ನೂ ನೋಡಲಿ ಅಂತ ಬಿಟ್ಟಿದ್ದೆ. ಎರಡು ತಿಂಗಳಾದ ಮೇಲೆ ದೊಡ್ಡವಳು ಒಂದು ಸಂಜೆ ಬಂದು, ‘ಅಪ್ಪಾ, ನಂಗೆ ಎಲ್‌ಸಿಎಂ ಬರ್ತದೆ, ಆದ್ರೆ ಲಸಾಅ ಅಂತ ಇದ್ಯಲ್ಲ, ಅದೊಂದು ಇನ್ನೂ ಮಾಡಿಲ್ಲ’ ಅಂದಳು. ಎರಡೂ ಒಂದೇ ಲೆಕ್ಕ, ಲಘುತಮ ಸಾಮಾನ್ಯ ಅಪವರ್ತ್ಯ, ಇಂಗ್ಲಿಷಿನಲ್ಲೊಂದು ಹೆಸರು, ಕನ್ನಡದಲ್ಲೊಂದು. ನಗು ಬಂತು, ಆಮೇಲೆ ಹೊಟ್ಟೆ ಚುರ್ ಅಂದಿತು. ಎರಡು ತಿಂಗಳು ಪಕ್ಕದಲ್ಲಿ ಒಬ್ಬರೂ ಕೂತಿರಲಿಲ್ಲ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕೇ? ಚಿಕ್ಕವನದ್ದು ಇನ್ನೂ ಚೆಂದ. ವೀಡಿಯೊವನ್ನು ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ, ಬೇಗ ಮುಗಿಸಿ ಕೊಟ್ಟಿಗೆಗೆ ಓಡುತ್ತಿದ್ದ.

ಟೈಮ್‌ಟೇಬಲ್ ಅವತ್ತೇ ಕಿತ್ತೆ.

ಈಗ ನಡೆಯುವುದು ಹೇಗೆಂದರೆ, ಕಳೆದ ತಿಂಗಳ ಒಂದು ಕತೆ ಕೇಳು. ಕರೆಂಟು ಹೋಗಿ ಎರಡು ದಿನವಾಗಿತ್ತು. ಟಾರ್ಚಿನೊಳಗೆ ಏನಿರುತ್ತದೆ ಅಂತ ಚಿಕ್ಕವನು ಶುರು ಮಾಡಿದ. ಫೆಟ್ ಅಂತ ಒಂದು ವೆಬ್‌ಸೈಟಿದೆ. ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ್ದು. ಪರದೆಯ ಮೇಲೆ ಕೈಯಾಡಿಸಿ ಮಾಡುವ ಪ್ರಯೋಗಗಳು, ಪುಕ್ಕಟೆ, ಹಲವು ಕನ್ನಡದಲ್ಲೂ ಇವೆ. ಇಳಿಸಿಟ್ಟುಕೊಂಡರೆ ನೆಟ್ಟೂ ಬೇಡ. ಅದರಲ್ಲಿ ವಿದ್ಯುತ್ ಮಂಡಲ ಜೋಡಿಸುವುದೊಂದಿದೆ. ಸೆಲ್ಲು, ವೈರು, ಬಲ್ಬು ಎಳೆದು ತಂದು ಸೇರಿಸಿದರೆ ಬಲ್ಬು ಹತ್ತುತ್ತದೆ. ಸೆಲ್ಲಿನ ಎರಡು ತುದಿಗೂ ನೇರ ವೈರು ಕೊಟ್ಟರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಇವನು ಬಲ್ಬು ಹತ್ತಿಸಿದ್ದು ಎರಡು ಸಲ, ಬೆಂಕಿ ಹಾಕಿದ್ದು ಇಪ್ಪತ್ತು ಸಲ.

ಆಮೇಲೆ ನಿಜವಾದ ಸಾಮಾನು ಕೊಟ್ಟೆ. ಟಾರ್ಚಿನ ಹಳೇ ಬಲ್ಬು, ಎರಡು ಸೆಲ್ಲು, ಒಂದು ಮಾರು ವೈರು. ಪರದೆಯ ಮೇಲೆ ಮಾಡಿದ ಹಾಗೆಯೇ ಜೋಡಿಸಿದ. ಹತ್ತಲಿಲ್ಲ. ಸೆಲ್ಲು ತಿರುಗಿಸಿದ, ಬಲ್ಬು ಒರೆಸಿದ, ‘ಸೆಲ್ ಸತ್ತೋಗಿದೆ’ ಅಂದ. ನಾನು ಅಡಿಕೆ ಆರಿಸುತ್ತಾ ಬಾಯಿ ಮುಚ್ಚಿ ಕೂತೆ, ನಿಜ ಹೇಳಬೇಕೆಂದರೆ ಬಹಳ ಕಷ್ಟಪಟ್ಟು. ಅರ್ಧ ಗಂಟೆಯಾದ ಮೇಲೆ ವೈರಿನ ತುದಿಯನ್ನು ಉಗುರಿನಿಂದ ಕೆರೆದು, ಮೂಸಿ, ‘ಅಪ್ಪಾ, ಇದಕ್ಕೆ ಅಂಗಿ ಹಾಕಿದ್ದಾರೆ!’ ಅಂದ. ಕಂಪ್ಯೂಟರಿನ ವೈರಿಗೆ ಪ್ಲಾಸ್ಟಿಕ್ಕಿನ ಸಿಪ್ಪೆ ಸುಲಿಯುವ ಕೆಲಸವೇ ಇರುವುದಿಲ್ಲವಲ್ಲ. ಹಲ್ಲಿನಿಂದ ಸುಲಿದ, ಬಲ್ಬು ಮಿಣಿಮಿಣಿ ಅಂತ ಹತ್ತಿತು. ವಿದ್ಯುತ್ ಹರಿಯಲು ಬಿಡದ್ದಕ್ಕೆ ಅವಾಹಕ ಅನ್ನುವ ಪದ ನಾನು ಹೇಳಿಕೊಟ್ಟದ್ದು ಆಮೇಲೆ. ಪರದೆಯ ಆಟ ಇಲ್ಲದಿದ್ದರೆ ಸುತ್ತು ಪೂರ್ತಿಯಾಗಬೇಕು ಅನ್ನುವುದು ಅವನಿಗೆ ಅಷ್ಟು ಬೇಗ ಹೊಳೆಯುತ್ತಿರಲಿಲ್ಲ. ಬರೀ ಅದೇ ಆಗಿದ್ದರೆ ಸಿಪ್ಪೆಯ ವಿಷಯ ಗೊತ್ತೇ ಆಗುತ್ತಿರಲಿಲ್ಲ.

ಇದೇ ಜಾತಿಯದು ಅರವಿಂದ ಗುಪ್ತ ಅವರ ವೆಬ್‌ಸೈಟು. ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬು, ಹಳೇ ಪೆನ್ನಿನ ರೀಫಿಲ್ಲು ಇಟ್ಟುಕೊಂಡು ಆಟಿಕೆ ಮಾಡಿಸುವವರು. 2018ರಲ್ಲಿ ಪದ್ಮಶ್ರೀ ಬಂತು ಅವರಿಗೆ. ಅಲ್ಲಿನ ವೀಡಿಯೊಗಳನ್ನು ಧ್ವನಿ ಬಂದ್ ಮಾಡಿ ನೋಡಿದರೂ ಮಕ್ಕಳಿಗೆ ಅರ್ಥವಾಗುತ್ತದೆ.

ಓದುವುದಕ್ಕೆ ನಮಗೆ ಆಸರೆಯಾದದ್ದು ಸ್ಟೋರಿವೀವರ್ ಅನ್ನುವ ಮಕ್ಕಳ ಕತೆಗಳ ವೆಬ್‌ಸೈಟು. ನಿಮ್ಮ ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ್ದು. ಚಿತ್ರವಿರುವ ಕತೆಗಳನ್ನು ನಾಲ್ಕು ಹಂತಗಳಲ್ಲಿ ಇಟ್ಟಿದ್ದಾರೆ, ಕನ್ನಡದವು ಬೇಕಾದಷ್ಟಿವೆ, ಮುಕ್ತ ಪರವಾನಗಿ ಇರುವುದರಿಂದ ಪ್ರಿಂಟು ಹಾಕಿಸಿಕೊಳ್ಳುವುದಕ್ಕೂ ಅಡ್ಡಿಯಿಲ್ಲ. ನಾನು ಪೇಟೆಗೆ ಹೋದಾಗ ಜೆರಾಕ್ಸ್ ಅಂಗಡಿಯಲ್ಲಿ ಹಾಕಿಸಿ ತಂದು ಗೋಣಿದಾರದಲ್ಲಿ ಹೊಲಿಯುತ್ತೇನೆ. ಕತೆಯನ್ನು ನಾವೇ ಅನುವಾದವೂ ಮಾಡಬಹುದು. ದೊಡ್ಡವಳು ಇಂಗ್ಲಿಷಿನ ಒಂದು ಮಳೆಯ ಕತೆ ಹಿಡಿದು ‘ಮಳೆ ಕೋಟು’ ಅಂತ ಬರೆದಿದ್ದಳು. ಓದಿಸಿ ಕೇಳಿದ ಅಮ್ಮ, ‘ಅದೆಂಥ ಕೋಟೇ? ಗೊರಬು ಅನ್ನು’ ಅಂದರು. ಗೊರಬು ಅಂದರೆ ಮಳೆಗೆ ತಲೆ, ಬೆನ್ನು ಮುಚ್ಚಿಕೊಳ್ಳುವ ಎಲೆಯ ಹೊದಿಕೆ ಅಂತ ಇವಳಿಗೆ ಗೊತ್ತಿಲ್ಲ. ಅಟ್ಟ ಹತ್ತಿ ಹುಡುಕಿ, ಗೆದ್ದಲು ತಿಂದ ಒಂದನ್ನು ಇಳಿಸಿ, ತಲೆಗೆ ಹಾಕಿಕೊಂಡು ಅಂಗಳದಲ್ಲಿ ನೆನೆದು, ಅವತ್ತಿನ ಅನುವಾದ ಅಲ್ಲಿಗೆ ನಿಂತಿತು. ಕೊನೆಗೆ ‘ಮಳೆ ಕೋಟು’ ಅಂತಲೇ ಇಟ್ಟಳು, ಕತೆಯ ಹುಡುಗಿ ಪೇಟೆಯವಳಂತೆ. ನಾನು ಒಪ್ಪಿದೆ, ಅಮ್ಮ ಇನ್ನೂ ಒಪ್ಪಿಲ್ಲ.

ಸರ್ಕಾರಿ ಪಠ್ಯಪುಸ್ತಕಗಳನ್ನು ಬಿಡಬೇಡ. ನಮಗೆ ಬೆನ್ನೆಲುಬು ಅವೇ. ಪಿಡಿಎಫ್ ಸಿಗುತ್ತದೆ, ಪುಸ್ತಕದಲ್ಲಿರುವ ಕ್ಯೂಆರ್ ಕೋಡ್ ಹಿಡಿದರೆ ದೀಕ್ಷಾ ಅನ್ನುವ ಸರ್ಕಾರಿ ಆ್ಯಪ್‌ನಲ್ಲಿ ಆ ಪಾಠದ ವೀಡಿಯೊ ತೆರೆಯುತ್ತದೆ. ಕೆಲವು ಚೆನ್ನಾಗಿವೆ, ಕೆಲವು ನಿದ್ದೆ ಬರಿಸುತ್ತವೆ. ಮೊದಲು ನೀನು ನೋಡು, ಆಮೇಲೆ ಮಗಳಿಗೆ ತೋರಿಸು.

ಟ್ಯಾಬ್ ಸಮೇತ ಕೋರ್ಸು ಮಾರುವವರು ಫೋನ್ ಮಾಡುತ್ತಿದ್ದಾರೆ ಅಂದೆಯಲ್ಲ, ಆ ಸಹವಾಸ ಬೇಡ. ನಾವೂ ಒಂದನ್ನು ತಗೊಂಡು ಹನ್ನೊಂದು ತಿಂಗಳು ಕಂತು ಕಟ್ಟಿದೆವು. ಈಗ ಅದರಲ್ಲಿ ಅಪ್ಪಯ್ಯ ಯಕ್ಷಗಾನ ನೋಡುತ್ತಾರೆ. ಅಷ್ಟರ ಮಟ್ಟಿಗೆ ಕಾಸು ವಸೂಲು.

ಇನ್ನು ಕಾನೂನು, ಪರೀಕ್ಷೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ ಶಿಕ್ಷಣ ಹಕ್ಕು ಅನ್ನುತ್ತದೆ, ಮನೆಯಲ್ಲೇ ಕಲಿಸುವವರ ಬಗ್ಗೆ ಬಿಡಿಸಿ ಹೇಳುವುದಿಲ್ಲ. ಹಾಗಾಗಿ ನೆಂಟರಿಂದ ಹಿಡಿದು ಎಲ್ಲರೂ ಕೇಳುತ್ತಾರೆ, ಉತ್ತರ ಇಟ್ಟುಕೊಂಡಿರು. ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ, ಅಂದರೆ ಎನ್‌ಐಓಎಸ್‌ನಲ್ಲಿ, 3, 5, 8ನೇ ತರಗತಿಗೆ ಸಮನಾದ ಎ, ಬಿ, ಸಿ ಹಂತಗಳಿವೆ. 14 ತುಂಬಿದರೆ ಹತ್ತನೆಯದಕ್ಕೆ ಸೇರಿಕೊಳ್ಳಬಹುದು. ನಮ್ಮ ದೊಡ್ಡವಳಿಗೆ ಇನ್ನೆರಡು ವರ್ಷ ಇದೆ. ಶಾಲೆ ಬಿಡಿಸುವ ದಿನ ಟಿ.ಸಿ. ಮಾತ್ರ ಕೈಗೆ ತಗೊಂಡೇ ಹೊರಗೆ ಬಾ.

ಒಂದು ಮಾತು ಕೇಳಲೇಬೇಕು, ಬೇಸರ ಮಾಡಿಕೊಳ್ಳಬೇಡ. ನಿಮ್ಮಿಬ್ಬರಲ್ಲಿ ದಿನಕ್ಕೆ ಮೂರು ಗಂಟೆ ಅವಳ ಜೊತೆ ಕೂರುವವರು ಯಾರು? ಅದು ಇನ್ನೂ ಇತ್ಯರ್ಥವಾಗಿಲ್ಲ ಅಂತಾದರೆ ಬರುವ ಜೂನ್‌ನಲ್ಲಿ ಬಿಡಿಸಬೇಡ, ಒಂದು ವರ್ಷ ತಡೆ. ಮೇಲೆ ಹೇಳಿದ್ದನ್ನೆಲ್ಲ ಶಾಲೆ ಮುಗಿದ ಮೇಲೂ ಮಾಡಬಹುದು.

ದಸರಾ ರಜೆಗೆ ಮಗಳನ್ನು ಕರೆದುಕೊಂಡು ಬಾ. ನಿಮ್ಮಪ್ಪನ ಆ ಕೆಟ್ಟ ರೇಡಿಯೊ ಬಿಸಾಡಿಲ್ಲದಿದ್ದರೆ ತಗೊಂಡು ಬಾ, ಚಿಕ್ಕವನು ಬಿಚ್ಚಬೇಕಂತೆ. ಮಳೆ ಸ್ವಲ್ಪ ಹೊಳವಾಗಿದೆ, ಗುಡ್ಡಕ್ಕೆ ಹೋಗಿ ಇದನ್ನು ಕಳಿಸಿ ಬರುತ್ತೇನೆ.

ಇಂತಿ ನಿನ್ನವನೇ