ಪಾತ್ರ ಮೂಲದ್ದೇ ಇರಲಿ, ಕಥೆ ನಿಮ್ಮದಾಗಲಿ

ಎಲ್ಲರಿಗೂ ನಮಸ್ಕಾರ. ಈ ತಿಂಗಳ ಫ್ಯಾನ್ ಫಿಕ್ಷನ್ (ಬೇರೆಯವರ ಪಾತ್ರ ಇಟ್ಟುಕೊಂಡು ನಾವು ಬರೆಯೋ) ಕಥೆಗಳನ್ನು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹಾಕಿ.

ಬೇರೆಯವರ ಪಾತ್ರ ತಗೊಂಡು ಬರೆದರೆ ಆ ಪಾತ್ರ ಮೂಲದ ಹಾಗೇ ಉಳಿಯುತ್ತಾ ಅಂತ ಮೊನ್ನೆ ಜೋರು ಚರ್ಚೆ ಆಯಿತು. ಉಳಿಯುತ್ತದೆ ಅನ್ನೋದೇ ನನ್ನ ನಂಬಿಕೆ. ನಮ್ಮ ಕೋಳಿವಾಡದ ಕುಮಾರವ್ಯಾಸ ವ್ಯಾಸರ ಪಾತ್ರಗಳನ್ನೇ ತಗೊಂಡು, ಗದುಗಿನ ವೀರನಾರಾಯಣನನ್ನು ನೆನೆಯುತ್ತಾ ಕನ್ನಡ ಭಾರತ ಬರೆದ. ಅವನ ಉತ್ತರಕುಮಾರನನ್ನು ನೋಡಿ. ಹೆಂಗಸರ ಮುಂದೆ ಜಂಬ ಕೊಚ್ಚುತ್ತಾನೆ, ಕೌರವರ ಸೇನೆ ಕಂಡರೆ ರಥದಿಂದ ಹಾರಿ ಓಡುತ್ತಾನೆ. ಮೂಲದಲ್ಲೂ ಹಾಗೇ ಇದೆ. ಆದರೆ ಆ ಮಾತಿನ ಗತ್ತು, ಆ ನಡುಕ ಪೂರ್ತಿ ಕನ್ನಡದ್ದು!

ಇದೇ ಉತ್ತರ ಮುಂದೆ ಕುರುಕ್ಷೇತ್ರದ ಮೊದಲ ದಿನವೇ ಆನೆ ಏರಿ ಹೋಗಿ ಶಲ್ಯನ ಕೈಯಲ್ಲಿ ಸಾಯುತ್ತಾನೆ. ಓಡಿಹೋದವನು ಅವತ್ತು ಯಾಕೆ ನಿಂತ? ನಮ್ಮ ಸದಸ್ಯರೊಬ್ಬರು ಅದರ ಹಿಂದಿನ ರಾತ್ರಿಯನ್ನು ಬರೆದಿದ್ದಾರೆ. ಮೊದಲ ಕರಡಿನಲ್ಲಿ ಅವನಿಗೆ ಭಯವೇ ಇರಲಿಲ್ಲ. ಯಾರೋ ಬೇರೆಯವನು ಅನ್ನಿಸಿತು. ಎರಡನೆಯದರಲ್ಲಿ ಕೈ ನಡುಗುತ್ತದೆ, ಆದರೂ ಮಾವುತನ ಮುಂದೆ ಜಂಬ ಬಿಡಲ್ಲ. ಇವನೇ ಅವನು, ಅಲ್ವಾ?

ಊರು, ಕಾಲ, ಕೊನೆ ಏನು ಬೇಕಾದರೂ ಬದಲಿಸಿ. ಧಾರವಾಡದ ಬಸ್‌ಸ್ಟ್ಯಾಂಡಿಗೇ ತಂದು ನಿಲ್ಲಿಸಿ, ಬೇಡ ಅನ್ನಲ್ಲ. ಆದರೆ ಆ ಮನುಷ್ಯ ಯಾವುದಕ್ಕೆ ಹೆದರುತ್ತಾನೆ, ಏನನ್ನು ಬಿಟ್ಟುಕೊಡಲ್ಲ ಅನ್ನೋದನ್ನು ಮೂಲ ಓದಿ ಗಟ್ಟಿ ಮಾಡಿಕೊಳ್ಳಿ. ಸುಮ್ನೆ ಹೆಸರಷ್ಟೇ ಎರವಲು ತರಬೇಡಿ. ಪಾತ್ರ ಬದಲಾಗಿದ್ದರೆ, ಅದನ್ನು ಬದಲಾಯಿಸಿದ ಘಟನೆ ಕಥೆಯೊಳಗೆ ಕಾಣಬೇಕು.

ಭಾನುವಾರ ಸೇರಿದಾಗ ಉತ್ತರನ ಕಥೆಯನ್ನೇ ಮೊದಲು ಓದೋಣ.