ಬೆರೆತ ಭಾಷೆ ಕೆಟ್ಟ ಭಾಷೆಯಲ್ಲ

ಮಾನ್ಯ ಸಂಪಾದಕರೇ,

ಕಾರವಾರ ಭಾಗದ ಕೊಂಕಣಿಯಲ್ಲಿ ಕನ್ನಡವೂ ಇಲ್ಲಿಯ ಕನ್ನಡದಲ್ಲಿ ಕೊಂಕಣಿ, ಮರಾಠಿಗಳೂ ಸೇರಿ ಎಲ್ಲವೂ ಕೆಟ್ಟುಹೋಗಿವೆ ಎಂಬ ಮಾತು ಸಭೆ-ಸಮಾರಂಭಗಳಲ್ಲಿ ಆಗಾಗ ಕೇಳಿಬರುತ್ತದೆ. ಇದನ್ನು ನಾನು ಒಪ್ಪಲಾರೆ.

ಪದಗಳು ಸುಲಭವಾಗಿ ಬರುತ್ತವೆ. ಮೇಜು, ಚಾವಿಗಳನ್ನು ಪಡೆಯಲು ಕನ್ನಡಿಗರೆಲ್ಲ ಪೋರ್ಚುಗೀಸ್ ಕಲಿಯಬೇಕಾಗಿರಲಿಲ್ಲ. ವಾಕ್ಯದ ಕಟ್ಟೇ ಬದಲಾಗಬೇಕಾದರೆ ಜನ ತಲೆಮಾರುಗಳ ಕಾಲ ಎರಡು ಭಾಷೆಗಳಲ್ಲಿ ಬಾಳಿರಬೇಕು. ಮರಾಠಿ, ಹಿಂದಿಗಳು ‘ಜೋ’ ಎಂಬ ಸರ್ವನಾಮದಿಂದ ಕಟ್ಟುವ ವಾಕ್ಯವನ್ನು ಕರ್ನಾಟಕದ ಸಾರಸ್ವತರ ಕೊಂಕಣಿಯು, ನಾವು ‘ಯಾವ ದೋಣಿ ನಿನ್ನೆ ಬಂತೋ ಅದು’ ಎನ್ನುವ ಹಾಗೆ, ಪ್ರಶ್ನಾರ್ಥಕ ಪದವಿಟ್ಟು ಕಟ್ಟುತ್ತದೆ. ‘ನಿನ್ನೆ ಬಂದ ದೋಣಿ’ ಎಂಬಲ್ಲಿಯ ‘ಬಂದ’ದಂತೆ ಕ್ರಿಯಾಪದವನ್ನೇ ವಿಶೇಷಣವಾಗಿಸುವ ಕೃದಂತದ ದಾರಿಯನ್ನೂ ಹಿಡಿಯುತ್ತದೆ. ಭಾಷಾವಿಜ್ಞಾನಿ ಎಂ. ವಿ. ನಾಡಕರ್ಣಿಯವರು 1975ರಲ್ಲಿಯೇ ಇದನ್ನು ವಿವರಿಸಿ, ಕನ್ನಡದೊಡನೆ ನಡೆದ ದೀರ್ಘಕಾಲದ ಒಡನಾಟವನ್ನು ಕಾರಣವಾಗಿ ತೋರಿಸಿದ್ದರು.

ಕನ್ನಡವೂ ಹೀಗೆ ಬದಲಾಗಿದೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪ್ವಾಡದ ಬಗ್ಗೆ ಗಂಪರ್ಜ್ ಮತ್ತು ವಿಲ್ಸನ್ ಎಂಬ ವಿದ್ವಾಂಸರು 1971ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ‘ಇದು ನಮ್ಮ ಮನೆ’ ಎಂದು ಕ್ರಿಯಾಪದವಿಲ್ಲದೆ ಮುಗಿಯುವ ನಮ್ಮ ವಾಕ್ಯಕ್ಕೆ ಅಲ್ಲಿಯ ಕನ್ನಡಿಗರು ಮರಾಠಿಯಂತೆ ಕೊನೆಗೊಂದು ಕ್ರಿಯಾಪದ ಸೇರಿಸುತ್ತಾರೆ. ಅಲ್ಲಿಯ ಮರಾಠಿ, ಉರ್ದುಗಳ ಲಿಂಗವ್ಯವಸ್ಥೆ ಕನ್ನಡದ ಕಡೆಗೆ ವಾಲಿದೆ. ಆದರೂ ಅಲ್ಲಿ ಯಾರೂ ತಮ್ಮ ಭಾಷೆಯನ್ನು ಬಿಟ್ಟಿರಲಿಲ್ಲ.

1956ರವರೆಗೆ ಮುಂಬೈ ಪ್ರಾಂತದಲ್ಲಿದ್ದ ನಮ್ಮ ಜಿಲ್ಲೆಯ ಬಾಳೂ ಅಂಥದ್ದೇ. ಮೀನುಪೇಟೆಯಲ್ಲಿ ಬಾಂಗಡೆ ಮಾರುವ ಹೆಂಗಸು ಪಕ್ಕದವಳೊಡನೆ ಕೊಂಕಣಿಯಲ್ಲಿ ಮಾತಾಡುತ್ತಲೇ ಘಟ್ಟದ ಮೇಲಿನಿಂದ ಬಂದ ಗಿರಾಕಿಗೆ ಕನ್ನಡದಲ್ಲಿ ದರ ಹೇಳುತ್ತಾಳೆ, ಯಾವುದನ್ನು ಯಾರಿಗೆ ಆಡಬೇಕೆಂಬಲ್ಲಿ ಆಕೆ ಎಡವುವುದಿಲ್ಲ. ಇದನ್ನು ಅಶುದ್ಧವೆನ್ನುವುದು ಅನ್ಯಾಯ.

ನನಗಿರುವ ಆತಂಕ ಬೇರೆ. ಮನೆಯಲ್ಲಿ ಹಿರಿಯರು ಕೊಂಕಣಿಯಲ್ಲಿ ಕೇಳಿದರೆ ಮಕ್ಕಳು ಇಂಗ್ಲಿಷಿನಲ್ಲಿ ಉತ್ತರಿಸುವುದನ್ನು ಈಚೆಗೆ ಹಲವು ಕಡೆ ಕಂಡಿದ್ದೇನೆ. ಅಲ್ಲಿ ಬೆರೆಯಲು ಎರಡನೆಯ ಭಾಷೆಯೇ ಉಳಿಯುವುದಿಲ್ಲ. 1992ರಲ್ಲಿ ಕೊಂಕಣಿ ಸಂವಿಧಾನದ ಎಂಟನೆಯ ಪರಿಚ್ಛೇದಕ್ಕೆ ಸೇರಿದ್ದು ಸಂತೋಷವೇ, ಆದರೆ ಮನೆಯ ಮಾತನ್ನು ಅದು ಉಳಿಸಿಕೊಡದು. ಆದ್ದರಿಂದ ಶಿಕ್ಷಕರು ಕರಾವಳಿಯ ಮಕ್ಕಳ ಆಡುಮಾತನ್ನು ತರಗತಿಯಲ್ಲಿ ಹೀಗಳೆಯದೆ ಗ್ರಾಂಥಿಕ ಕನ್ನಡವನ್ನು ಅದರ ಜೊತೆಗೇ ಕಲಿಸಲಿ. ನಮ್ಮ ಕಾಲೇಜುಗಳ ಭಾಷಾ ವಿಭಾಗಗಳು ಹಿರಿಯರ ಹಾಲಕ್ಕಿ, ಹವ್ಯಕ, ಕೊಂಕಣಿ, ನವಾಯತಿ ಮಾತುಗಳನ್ನು ಈಗಲೇ ಧ್ವನಿಮುದ್ರಿಸಿಡಲಿ.

— ಒಬ್ಬ ಓದುಗ, ಕಾರವಾರ