ಮಗಳಿಗೊಂದು ಪತ್ರ: ಕಂಟ್ರಾಕ್ಟರ್ ಕೈಗೆ ಮನೆ ಬೀಗ ಕೊಡುವ ಮುಂಚೆ

ಪುಟ್ಟೀ,

ನೀನು ಕಳಿಸಿದ ಮೂರೂ ಕೊಟೇಶನ್ ಓದಿದೆ. ಬಚ್ಚಲುಮನೆ ಒಡೆದು ಹೊಸದಾಗಿ ಮಾಡುವ ಕೆಲಸ ಯಾರಿಗೆ ಕೊಡಬೇಕು ಅನ್ನುವುದಕ್ಕೆ ಅವುಗಳಲ್ಲಿ ಉತ್ತರ ಇಲ್ಲ. ಲೈಸೆನ್ಸ್ ಇದೆ, ಇನ್ಶೂರೆನ್ಸ್ ಇದೆ, ಇಷ್ಟು ವರ್ಷದ ಅನುಭವ ಇದೆ ಅಂತ ಮೂವರೂ ಬರೆದಿದ್ದಾರೆ. ತಮ್ಮ ಬಗ್ಗೆ ತಾವೇ ಬರೆದುಕೊಂಡದ್ದು ಅದು. ಆ ಒಂದೊಂದು ಮಾತಿಗೂ ಬೇರೆಯವರು ಹೌದು ಅನ್ನಬೇಕು: ಲೈಸೆನ್ಸ್ ಕೊಟ್ಟ ಇಲಾಖೆ, ವಿಮಾ ಕಂಪನಿ, ಹಿಂದೆ ಕೆಲಸ ಮಾಡಿಸಿಕೊಂಡ ಮನೆಯವರು, ಕೊನೆಗೆ ಅವರು ಹಾಕಿಕೊಟ್ಟ ನೆಲ.

ಮೊದಲು ಲೈಸೆನ್ಸ್. ಎಲ್ಲ ಊರಲ್ಲೂ ಎಲ್ಲ ಕೆಲಸಕ್ಕೂ ಅದು ಬೇಕು ಅಂತಿಲ್ಲ. ಗಾರೆ ಕೆಲಸಕ್ಕೆ ಬೇಡದ ಕಡೆಯಲ್ಲೂ ವೈರಿಂಗಿಗೆ ಬೇಕಾಗುವುದುಂಟು. ನಿಮ್ಮಲ್ಲಿ ಯಾವುದಕ್ಕೆ ಬೇಕು ಅಂತ ತಿಳಿದುಕೊಂಡು, ಕೊಟೇಶನ್ನಿನಲ್ಲಿರುವ ನಂಬರನ್ನು ಇಲಾಖೆಯ ಪಟ್ಟಿಯಲ್ಲೇ ಹುಡುಕು. ಅವರು ವಾಟ್ಸಾಪಿನಲ್ಲಿ ಕಳಿಸುವ ಫೋಟೋ ಬೇಡ, ಲಿಂಕೂ ಬೇಡ. ಫೋಟೋದಲ್ಲಿ ತಾರೀಖು ತಿದ್ದುವುದು ಐದು ನಿಮಿಷದ ಕೆಲಸ.

ನಂಬರ್ ಸಿಕ್ಕಿತು ಅಂತ ಅಲ್ಲಿಗೇ ಬಿಡಬೇಡ. ಅದು ಯಾರ ಹೆಸರಲ್ಲಿದೆ ನೋಡು. ಕೊಟೇಶನ್ನಿನಲ್ಲಿ ಒಂದು ಹೆಸರು, ಲೈಸೆನ್ಸಿನಲ್ಲಿ ಇನ್ನೊಂದು, ದುಡ್ಡು ಹಾಕಿ ಅನ್ನುವ ಬ್ಯಾಂಕ್ ಖಾತೆಯಲ್ಲಿ ಮತ್ತೊಂದು ಇದ್ದರೆ, ನಾಳೆ ಜಗಳವಾದಾಗ ನೀನು ಯಾರ ಮೇಲೆ ದೂರು ಕೊಡುತ್ತೀಯ? ಹಳೇ ಹೆಸರಲ್ಲಿ ದೂರುಗಳು ಜಾಸ್ತಿಯಾದಾಗ ಹೊಸ ಬೋರ್ಡ್ ಹಾಕಿಕೊಳ್ಳುವವರೂ ಇದ್ದಾರೆ. ಅದಕ್ಕೆ ಕಂಪನಿಯ ಹೆಸರಷ್ಟೇ ಸಾಲದು, ಮಾಲೀಕರ ಹೆಸರು ಹಾಕಿಯೂ ಹುಡುಕು. ಆಮೇಲೆ ಲೈಸೆನ್ಸ್ ಯಾವ ಕೆಲಸಕ್ಕೆ ಅನ್ನುವುದು. ಬಣ್ಣ ಹೊಡೆಯುವುದಕ್ಕೆ ಇರುವ ಪರವಾನಗಿ ಗೀಸರ್ ಲೈನ್ ಎಳೆಯುವುದಕ್ಕೆ ಆಗುವುದಿಲ್ಲ. ಅವಧಿ ನಿನ್ನ ಕೆಲಸ ಮುಗಿಯುವವರೆಗೆ ಇದೆಯಾ, ನಡುವೆ ಅಮಾನತಾಗಿತ್ತಾ ಅನ್ನುವುದೂ ಪಟ್ಟಿಯಲ್ಲಿದ್ದರೆ ನೋಡಿಕೋ.

ಎರವಲು ಲೈಸೆನ್ಸಿನ ವ್ಯಾಪಾರವೂ ನಡೆಯುತ್ತದೆ. ಕಾಗದ ಒಬ್ಬರದು, ಕೆಲಸ ಇನ್ನೊಬ್ಬರದು. "ಲೈಸೆನ್ಸಿನಲ್ಲಿ ಹೆಸರಿರುವವರು ಸೈಟಿಗೆ ಯಾವ ಯಾವ ದಿನ ಬರುತ್ತಾರೆ?" ಅಂತ ನೇರವಾಗಿ ಕೇಳು. ಕೆಲಸಕ್ಕೆ ಅನುಮತಿ ಪತ್ರ ಬೇಕಿದ್ದು, ಅದನ್ನು ನಿನ್ನ ಹೆಸರಲ್ಲೇ ತೆಗೆಸು ಅಂತ ಒತ್ತಾಯ ಮಾಡಿದರೆ ಅನುಮಾನ ಪಡು. ಲೈಸೆನ್ಸ್ ಇಲ್ಲದವರಿಗೆ ತಮ್ಮ ಹೆಸರಲ್ಲಿ ಅರ್ಜಿ ಹಾಕುವುದಕ್ಕೆ ಆಗದೇ ಇರಬಹುದು. ಅನುಮತಿ ನಿನ್ನ ಹೆಸರಲ್ಲಿದ್ದರೆ ಕೆಲಸದ ತಪ್ಪೂ ನಿನ್ನ ತಲೆಗೇ ಬರುವ ಸಾಧ್ಯತೆ ಇದೆ.

ಇನ್ಶೂರೆನ್ಸ್ ಎರಡು ಬಗೆಯದು ಬೇಕು. ಕೆಲಸದಿಂದ ಬೇರೆಯವರ ಆಸ್ತಿಗೆ ಆಗುವ ನಷ್ಟಕ್ಕೆ ಒಂದು (ಕೆಳಗಿನ ಮನೆಯ ಚಾವಣಿ ನೆನೆದರೆ ಅಂದುಕೋ), ಕೆಲಸಗಾರರಿಗೆ ಏಟಾದರೆ ಇನ್ನೊಂದು. ಸರ್ಟಿಫಿಕೇಟು ವಿಮಾ ಕಂಪನಿಯಿಂದ ನೇರವಾಗಿ ನಿನ್ನ ಇಮೇಲಿಗೆ ಬರಲಿ. ಕಂಪನಿಗೆ ಫೋನ್ ಮಾಡುವುದಾದರೆ ಸರ್ಟಿಫಿಕೇಟಿನ ಮೇಲಿರುವ ನಂಬರಿಗೆ ಮಾಡಬೇಡ, ನೀನೇ ಹುಡುಕಿದ ನಂಬರಿಗೆ ಮಾಡು. ಮೊದಲ ಕಂತು ಕಟ್ಟಿ, ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ಮುಂದಿನ ಕಂತು ನಿಲ್ಲಿಸಿಬಿಡುವವರಿದ್ದಾರೆ. ಆದ್ದರಿಂದ ಒಡೆಯುವ ಕೆಲಸ ಶುರುವಾಗುವ ಹಿಂದಿನ ದಿನ ಇನ್ನೊಮ್ಮೆ ಕೇಳು, ಪಾಲಿಸಿ ಚಾಲ್ತಿಯಲ್ಲಿದೆಯಾ ಅಂತ. ನೀರು ಸೋರಿ ಆಗುವ ನಷ್ಟವನ್ನು ಹೊರಗಿಟ್ಟಿದ್ದರೆ, ಬಚ್ಚಲಿನ ಕೆಲಸಕ್ಕೆ ಆ ಪಾಲಿಸಿ ಇದ್ದೂ ಇಲ್ಲದ ಹಾಗೆ.

ಇನ್ನು ಹಳೇ ಗಿರಾಕಿಗಳು. ನನ್ನ ಕೇಳಿದರೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದ್ದು ಇಲ್ಲಿ. "ಮೂರು ನಂಬರ್ ಕೊಡಿ" ಅಂದರೆ ತಮ್ಮನ್ನು ಹೊಗಳುವ ಮೂವರದೇ ಕೊಡುತ್ತಾರೆ. ಹಾಗೆ ಕೇಳಬೇಡ. ಕೊನೆಯದಾಗಿ ಮುಗಿಸಿದ ಮೂರು ಕೆಲಸ, ಎರಡು ವರ್ಷ ಹಳೆಯ ಒಂದು ಬಚ್ಚಲುಮನೆ, ಈಗ ನಡೆಯುತ್ತಿರುವ ಒಂದು ಸೈಟು, ಇವನ್ನು ಕೇಳು. ಹಳೆಯದು ಯಾಕೆ ಅಂದರೆ, ಹೊಸ ಬಚ್ಚಲುಮನೆ ಎಲ್ಲವೂ ಚೆನ್ನಾಗೇ ಕಾಣುತ್ತದೆ. ವಾಟರ್‌ಪ್ರೂಫಿಂಗ್ ಕೆಟ್ಟಿದ್ದರೆ ಗೊತ್ತಾಗುವುದಕ್ಕೆ ಕಾಲ ಹಿಡಿಯುತ್ತದೆ.

ಆ ಹಳೇ ಮನೆಗೆ ಹೋದಾಗ ಮೊದಲು ಬಚ್ಚಲಿನ ಒಳಗಲ್ಲ, ಅದರ ಹಿಂಬದಿಯ ಗೋಡೆ ನೋಡು. ನೆಲದಿಂದ ಒಂದು ಗೇಣು ಎತ್ತರದಲ್ಲಿ ಬಣ್ಣ ಉಬ್ಬಿದೆಯಾ, ಬಿಳಿ ಪುಡಿ ಉಪ್ಪಿನ ಹಾಗೆ ಹೊರಬಿದ್ದಿದೆಯಾ? ಗೋಡೆಯೊಳಗೆ ಹೊಕ್ಕ ನೀರು ಗಾರೆಯ ಲವಣ ಕರಗಿಸಿಕೊಂಡು ಬಂದು, ಹೊರಗೆ ಆರಿ, ಲವಣವನ್ನು ಅಲ್ಲೇ ಬಿಟ್ಟಿರುತ್ತದೆ. ಆಮೇಲೆ ಒಳಗೆ ಹೋಗಿ, ಮನೆಯವರನ್ನು ಕೇಳಿ, ಬಾಗಿಲ ಹತ್ತಿರ ಒಂದು ಚೊಂಬು ನೀರು ಸುರಿ. ನೀರು ತಾನಾಗೇ ಜಾಲರಿಗೆ ಹೋಗಬೇಕು. ಮೂಲೆಯಲ್ಲಿ ನಿಂತರೆ ವಾಟ ಸರಿ ಕೊಟ್ಟಿಲ್ಲ. ಒಂದು ಮೀಟರಿಗೆ 1ರಿಂದ 2 ಸೆಂಟಿಮೀಟರ್ ಇಳಿಜಾರು ಇದ್ದರೆ ಸಾಕು. ಕೊನೆಗೆ ನಾಣ್ಯದಲ್ಲಿ ಟೈಲ್ಸಿನ ಮೂಲೆ ತಟ್ಟು. ಟೊಳ್ಳು ಸದ್ದು ಬಂದರೆ, ಅಂಟನ್ನು ಹಲ್ಲಿರುವ ಕರಣೆಯಲ್ಲಿ ಪೂರ್ತಿ ಎಳೆಯುವ ಬದಲು ಐದು ಕಡೆ ಗುಡ್ಡೆ ಇಟ್ಟು ಒತ್ತಿರಬಹುದು. ಆ ಖಾಲಿ ಜಾಗದಲ್ಲಿ ನೀರು ನಿಲ್ಲುತ್ತದೆ, ಭಾರ ಬಿದ್ದರೆ ಮೂಲೆ ಒಡೆಯುತ್ತದೆ. ಒಂದೆರಡು ಟೈಲ್ಸ್ ಹಾಗಿದ್ದರೆ ತಲೆ ಕೆಡಿಸಿಕೊಳ್ಳಬೇಡ, ಸಾಲುಸಾಲಾಗಿ ಹಾಗೇ ಸದ್ದು ಬಂದರೆ ಅದು ಅವರ ಅಭ್ಯಾಸ.

ಮನೆಯವರನ್ನು "ಕೆಲಸ ಚೆನ್ನಾಗಿದೆಯಾ" ಅಂತ ಕೇಳಿ ಪ್ರಯೋಜನವಿಲ್ಲ, ದಾಕ್ಷಿಣ್ಯಕ್ಕೆ ಹೂಂ ಅನ್ನುತ್ತಾರೆ. ಕೊಟೇಶನ್ ಎಷ್ಟಿತ್ತು, ಕೊನೆಗೆ ಎಷ್ಟು ಕೊಟ್ಟಿರಿ, ಯಾವುದಕ್ಕೆ ಹೆಚ್ಚಾಯಿತು? ಎಷ್ಟು ದಿನ ಯಾರೂ ಕೆಲಸಕ್ಕೆ ಬರಲಿಲ್ಲ? ಮುಗಿದ ಮೇಲೆ ಏನೋ ಕೆಟ್ಟು ಫೋನ್ ಮಾಡಿದಾಗ ಎತ್ತಿದರಾ? ಹೀಗೆ ಕೇಳಿದರೆ ಮಾತು ಹೊರಬರುತ್ತದೆ.

ನಡೆಯುತ್ತಿರುವ ಸೈಟಿನಲ್ಲಿ ಜಾಲರಿ ಕೂರಿಸುವ ಪೈಪಿನ ಬಾಯಿ ನೋಡು. ಬಟ್ಟೆ ತುರುಕಿಯೋ ಮುಚ್ಚಳ ಹಾಕಿಯೋ ಕಟ್ಟಿರಬೇಕು. ಬಾಯಿ ತೆರೆದೇ ಇದ್ದರೆ ಗಾರೆ ಒಳಗೆ ಬಿದ್ದು, ಬಾಗಿದ ಜಾಗದಲ್ಲಿ ಕಲ್ಲಾಗಿ ಕೂರುತ್ತದೆ. ಆಮೇಲೆ ನೆಲ ಅಗೆಯದೆ ಅದು ಹೊರಬರುವುದು ಕಷ್ಟ. ಅಲ್ಲಿ ಕೆಲಸ ಮಾಡುತ್ತಿರುವ ಮೇಸ್ತ್ರಿಯನ್ನು ಮಾತಾಡಿಸಿ, ಇವರ ಜೊತೆ ಎಷ್ಟು ದಿನದಿಂದ ಇದ್ದೀರಿ ಅಂತ ಕೇಳು. "ಇವತ್ತೇ ಬಂದೆ" ಅಂದರೆ ನಿನ್ನ ಮನೆಗೆ ಬರುವವರು ಯಾರು ಅನ್ನುವುದು ಕಂಟ್ರಾಕ್ಟರಿಗೂ ಗೊತ್ತಿಲ್ಲ.

ಕೈಕೆಲಸ ಗೊತ್ತಿದೆಯಾ ಅಂತ ತಿಳಿಯುವುದಕ್ಕೆ ಮೂವರನ್ನೂ ಒಂದೇ ಪ್ರಶ್ನೆ ಕೇಳು: ನೀರು ನಿಲ್ಲಿಸಿ ನೋಡುವುದು ಯಾವಾಗ, ಎಷ್ಟು ಹೊತ್ತು? ವಾಟರ್‌ಪ್ರೂಫಿಂಗ್ ಎರಡು ಕೋಟ್ ಹೊಡೆದು, ಡಬ್ಬಿಯ ಮೇಲೆ ಹೇಳಿದಷ್ಟು ದಿನ ಆರಿಸಿ, ಟೈಲ್ಸ್ ಹಾಕುವ ಮುಂಚೆ, ಪೈಪಿನ ಬಾಯಿ ಕಟ್ಟಿ, ಎರಡು ಇಂಚಿನಷ್ಟು ನೀರು ಕನಿಷ್ಠ 24 ಗಂಟೆ ನಿಲ್ಲಿಸಬೇಕು. ನೀರಿನ ಮಟ್ಟಕ್ಕೆ ಗೋಡೆ ಮೇಲೆ ಪೆನ್ಸಿಲ್ ಗೆರೆ ಎಳೆದು, ಮಾರನೇ ದಿನ ಗೆರೆಯನ್ನೂ ಕೆಳಗಿನ ಮನೆಯ ಚಾವಣಿಯನ್ನೂ ನೋಡಬೇಕು. "ಟೈಲ್ಸ್ ಹಾಕಿದ ಮೇಲೆ ನೋಡಿದರಾಯಿತು ಮೇಡಂ" ಅನ್ನುವವರನ್ನು ಅಲ್ಲಿಗೇ ಕೈಬಿಡು. ಆಗ ಸೋರಿದರೆ ಎಲ್ಲವನ್ನೂ ಮತ್ತೆ ಒಡೆಯಬೇಕು, ಮತ್ತು ಒಡೆಯುವ ಖರ್ಚು ಯಾರದು ಅನ್ನುವ ಜಗಳ ಶುರುವಾಗುತ್ತದೆ.

ದುಡ್ಡಿನ ವಿಚಾರ ಚಿಕ್ಕದಾಗಿ ಹೇಳುತ್ತೇನೆ. ಅಡ್ವಾನ್ಸ್ ಶೇಕಡಾ 10ರ ಆಸುಪಾಸಿನಲ್ಲಿರಲಿ. ಅರ್ಧ ದುಡ್ಡು ಮೊದಲೇ ಕೇಳಿದರೆ ಅದು ಹಿಂದಿನ ಗಿರಾಕಿಯ ಕೆಲಸಕ್ಕೆ ಹೋಗುತ್ತಿದೆ ಅಂತಲೂ ಇರಬಹುದು. ಉಳಿದದ್ದು ಹಂತ ಮುಗಿದ ಮೇಲೆ, ಒಂದು ಹಂತ ಆ ನೀರಿನ ಪರೀಕ್ಷೆಗೇ ಕಟ್ಟಿರಲಿ. ಕೆಲಸ ಮುಗಿದ ಮೇಲೂ ಶೇಕಡಾ 5ರಿಂದ 10 ಒಂದಿಷ್ಟು ತಿಂಗಳು ನಿನ್ನ ಹತ್ತಿರವೇ ಇರಲಿ. ಸಾಮಾನು ತಂದ ಅಂಗಡಿಗೆ ದುಡ್ಡು ಸಂದಿದೆ ಅನ್ನುವುದಕ್ಕೆ ರಸೀದಿ ಇಸಿದುಕೋ. ಕೆಲವು ದೇಶಗಳಲ್ಲಿ ಕಂಟ್ರಾಕ್ಟರ್ ಉಳಿಸಿಕೊಂಡ ಬಾಕಿಗೆ ಅಂಗಡಿಯವರು ಮನೆಯ ಮೇಲೆಯೇ ಹಕ್ಕು ಸಾಧಿಸಬಹುದು. ಒಪ್ಪಂದದಲ್ಲಿ "ಒಳ್ಳೆ ಕ್ವಾಲಿಟಿ", "ಅಗತ್ಯಕ್ಕೆ ತಕ್ಕಂತೆ" ಅನ್ನುವ ಮಾತು ಇರಕೂಡದು. ಯಾವ ಕಂಪನಿಯದು, ಯಾವ ಸೈಜು, ಎಷ್ಟು ಚದರಡಿ, ಎಷ್ಟು ಕೋಟ್ ಅಂತ ಬರೆಸು. ನಡುವೆ ಬದಲಾವಣೆ ಏನೇ ಆದರೂ ಮೊದಲು ಬರಹ, ಆಮೇಲೆ ಕೆಲಸ. ಗೋಡೆ ಮುಚ್ಚುವ ಮುಂಚೆ ಪೈಪು, ವೈರು ಎಲ್ಲಿ ಹೋಗಿದೆ ಅಂತ ಟೇಪ್ ಹಿಡಿದು ಫೋಟೋ ತೆಗೆದಿಡು. ಮುಂದೆ ಮೊಳೆ ಹೊಡೆಯುವಾಗ ಬೇಕಾಗುತ್ತದೆ.

ಎಲ್ಲಕ್ಕಿಂತ ಕಡಿಮೆ ಕೊಟೇಶನ್ ಇದೆಯಲ್ಲ, ಮೂರನೆಯದು, ಅದರಲ್ಲಿ ಒಡೆದ ಮಣ್ಣು ಸಾಗಿಸುವುದು ಇಲ್ಲ, ವಾಟರ್‌ಪ್ರೂಫಿಂಗ್ ನೆಲಕ್ಕೆ ಮಾತ್ರ ಇದೆ. ಶವರ್ ಇರುವ ಗೋಡೆಗೆ ಆರು ಅಡಿವರೆಗಾದರೂ ಬೇಕು. ಆ ಎರಡನ್ನೂ ಸೇರಿಸಿ ಕೇಳಿದ ಮೇಲೆ ಹೋಲಿಸು. ಎರಡನೆಯದರಲ್ಲಿ ಲೈಸೆನ್ಸ್ ನಂಬರಿಗೆ ಮಿಕ್ಕವಕ್ಕಿಂತ ಒಂದು ಅಂಕಿ ಕಡಿಮೆ ಇದೆ. ಟೈಪ್ ಮಾಡುವಾಗ ಬಿಟ್ಟುಹೋಗಿದ್ದರೂ ಇರಬಹುದು, ಫೋನ್ ಮಾಡಿ ಕೇಳು. ಏನು ಹೇಳಿದರು ಅಂತ ನನಗೂ ತಿಳಿಸು.

ಅಪ್ಪ